ಕೊಳವೆರಂಧ್ರದ ಗೋಡೆಯ ಚಿತ್ರಣ

ಪುಣೆ ನಗರದ ಅಡಿಯಲ್ಲಿರುವ ಕಪ್ಪು ಬಸಾಲ್ಟ್ ಶಿಲೆಯೇ ದಕ್ಷಿಣದಲ್ಲಿ ಸಾತಾರಾ ಜಿಲ್ಲೆಯ ಕೊಯ್ನಾ ಕಣಿವೆಯನ್ನೂ ಆವರಿಸಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪ್ರವಾಹಗಳು ಪದರಪದರವಾಗಿ ಹೆಪ್ಪುಗಟ್ಟಿ ಉಂಟಾದ ಶಿಲೆಯಿದು. 1967ರ ಡಿಸೆಂಬರ್ 11ರ ಮುಂಜಾವಿನಲ್ಲಿ ಇಲ್ಲಿ ಸಂಭವಿಸಿದ 6.3 ಪ್ರಮಾಣದ ಭೂಕಂಪಕ್ಕೆ ಸುಮಾರು 200 ಮಂದಿ ಬಲಿಯಾದರು. 1962ರಲ್ಲಿ ಜಲಾಶಯ ತುಂಬತೊಡಗಿದ ಮೇಲೆ ಆರಂಭವಾದ ಕಂಪನಗಳು ಇಂದಿಗೂ ಪೂರ್ಣವಾಗಿ ನಿಂತಿಲ್ಲ. ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ಕನ್ನಡ ನಾಡಿಗೆ ಹರಿದು ಬರುವ ಕೊಯ್ನಾ ನದಿಯ ಕಣಿವೆಯೇ ಇದು.

ಕಂಪನಗಳ ಮೂಲವನ್ನು ಅರಿಯಲು ಕೇಂದ್ರ ಭೂವಿಜ್ಞಾನ ಸಚಿವಾಲಯವು ಇಲ್ಲಿ ಆಳವಾದ ಕೊರೆತವನ್ನು ಕೈಗೊಂಡಿತು. ಗೋಠಣೆಯ ಬಳಿ 2017ರಲ್ಲಿ ಪೂರ್ಣಗೊಂಡ ರಂಧ್ರದ ಆಳ ಸುಮಾರು 3 ಕಿಲೋಮೀಟರ್. ಸುಮಾರು 1,250 ಮೀಟರ್ ಆಳದಲ್ಲಿ ಬಸಾಲ್ಟ್ ಮುಗಿದು ಗ್ರಾನೈಟ್ ಜಾತಿಯ ಪುರಾತನ ಶಿಲೆ ದೊರೆಯಿತು.

ರಂಧ್ರದಿಂದ ಹೊರತೆಗೆದ ಶಿಲೆಯ ತುಂಡು ಶಿಲೆಯ ಗುಣವನ್ನು ತಿಳಿಸುತ್ತದೆ. ಆದರೆ ಮೇಲೆ ಬರುವಾಗ ತಿರುಗಿಹೋಗುವುದರಿಂದ, ಅದರಲ್ಲಿನ ಬಿರುಕು ಯಾವ ದಿಕ್ಕಿಗೆ ವಾಲಿತ್ತೆಂಬುದು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದ್ದರಿಂದ ಗೋಡೆಯನ್ನೇ ಚಿತ್ರಿಸಬೇಕಾಗುತ್ತದೆ. ಕೇಬಲ್ಲಿನ ತುದಿಗೆ ಕಟ್ಟಿ ಇಳಿಸಿದ ಉಪಕರಣವು ಸುತ್ತಲೂ ಶ್ರವಣಾತೀತ ಧ್ವನಿಯನ್ನು ಹೊರಡಿಸಿ, ಪ್ರತಿಧ್ವನಿ ಮರಳುವ ಕಾಲವನ್ನೂ ಅದರ ಬಲವನ್ನೂ ಅಳೆಯುತ್ತದೆ. ಕಾಲದಿಂದ ರಂಧ್ರದ ಆಕಾರ ತಿಳಿಯುತ್ತದೆ. ನುಣುಪಾದ ಗಟ್ಟಿ ಗೋಡೆಯಿಂದ ಪ್ರಬಲ ಪ್ರತಿಧ್ವನಿ ಬಂದರೆ, ಬಿರುಕಿರುವೆಡೆ ಅದು ಕ್ಷೀಣಿಸುತ್ತದೆ. ಕಾಂತಮಾಪಕವು ಉತ್ತರ ದಿಕ್ಕನ್ನು ತೋರಿಸುತ್ತದೆ. ಉಕ್ಕಿನ ಕವಚವಿರುವ ಭಾಗದಲ್ಲಿ ಮಾತ್ರ ಅದನ್ನು ನಂಬಲಾಗದು.

ಕಂಪ್ಯೂಟರಿನ ತಂತ್ರಾಂಶವು ಈ ದುಂಡನೆಯ ಗೋಡೆಯನ್ನು ಉತ್ತರದ ಗೆರೆಯಲ್ಲಿ ಸೀಳಿ ಚಾಪೆಯಂತೆ ಬಿಡಿಸಿ ತೋರಿಸುತ್ತದೆ. ನೆಟ್ಟಗಿರುವ ರಂಧ್ರದಲ್ಲಿ ಅಡ್ಡಲಾಗಿರುವ ಬಿರುಕು ಸರಳರೇಖೆಯಾಗಿಯೂ, ಓರೆಯಾದುದು ಅಲೆಯಾಗಿಯೂ ಕಾಣುತ್ತದೆ. ಅಲೆಯ ಅತಿ ತಗ್ಗಾದ ಬಿಂದುವೇ ಬಿರುಕು ವಾಲಿರುವ ದಿಕ್ಕು. ರಂಧ್ರದ ವ್ಯಾಸ 20 ಸೆಂಟಿಮೀಟರ್ ಇದ್ದು, ತಗ್ಗಿನಿಂದ ಶಿಖರದವರೆಗೆ ಅಲೆಯ ಎತ್ತರವೂ 20 ಸೆಂಟಿಮೀಟರ್ ಇದ್ದರೆ ವಾಲಿಕೆ 45 ಡಿಗ್ರಿ. ಎತ್ತರ ಹೆಚ್ಚಿದಷ್ಟೂ ಬಿರುಕು ಕಡಿದಾಗಿರುತ್ತದೆ. ತಜ್ಞರು ಪರದೆಯ ಮೇಲೆ ಅಲೆಯನ್ನು ಗುರುತಿಸಿದೊಡನೆ ತಂತ್ರಾಂಶವು ಆಳ, ವಾಲಿಕೆ, ದಿಕ್ಕುಗಳನ್ನು ದಾಖಲಿಸಿ ಪಕ್ಕದ ಅಂಕಣದಲ್ಲಿ ಬಾಲವುಳ್ಳ ಚುಕ್ಕೆಯೊಂದನ್ನು ಇಡುತ್ತದೆ. ಚುಕ್ಕೆಯ ಸ್ಥಾನ ವಾಲಿಕೆಯನ್ನೂ ಬಾಲವು ದಿಕ್ಕನ್ನೂ ಸೂಚಿಸುತ್ತವೆ.

ಗುರುತಿಸುವ ಕೆಲಸವನ್ನು ಯಂತ್ರಕ್ಕೇ ಪೂರ್ಣವಾಗಿ ಒಪ್ಪಿಸುವುದು ಯುಕ್ತವಲ್ಲ. ಕೊರೆಯುವಾಗಲೇ ಗೋಡೆಯಲ್ಲಿ ಹೊಸ ಸೀಳುಗಳು ಮೂಡಬಹುದು. ಅವನ್ನು ಶಿಲೆಯ ಸಹಜ ಬಿರುಕುಗಳೊಂದಿಗೆ ಎಣಿಸಿದರೆ ಲೆಕ್ಕವೆಲ್ಲ ಕೆಡುತ್ತದೆ. ಆದರೆ ಆ ಸೀಳುಗಳೂ ನಿರರ್ಥಕವಲ್ಲ. ನೆಟ್ಟಗಿರುವ ರಂಧ್ರದಲ್ಲಿ ಅವು ಭೂಗರ್ಭದ ಗರಿಷ್ಠ ಸಮತಲ ಒತ್ತಡದ ದಿಕ್ಕಿನಲ್ಲಿ ಮೂಡುತ್ತವೆ. ಅದಕ್ಕೆ ಲಂಬವಾದ ದಿಕ್ಕಿನಲ್ಲಿ, ಎದುರುಬದುರಾಗಿ, ಗೋಡೆಯ ಚೂರುಗಳು ಉದುರಿ ರಂಧ್ರ ಅಗಲವಾಗುತ್ತದೆ. ಗೋಠಣೆಯ ರಂಧ್ರದ ಚಿತ್ರಗಳಿಂದ ಒತ್ತಡದ ದಿಕ್ಕನ್ನು ನಿರ್ಣಯಿಸಿದ್ದು ಈ ಕ್ರಮದಲ್ಲಿಯೇ. ಮುಂದಿನ ಭೂಕಂಪದ ದಿನವನ್ನು ಇಂತಹ ಚಿತ್ರ ತಿಳಿಸಲಾರದು. ಆ ಒತ್ತಡದಲ್ಲಿ ಯಾವ ಬಿರುಕುಗಳು ಸುಲಭವಾಗಿ ಜಾರಬಲ್ಲವೆಂಬ ಗಣನೆಗೆ ಬೇಕಾದ ಅಳತೆಗಳು ಮಾತ್ರ ಇದರಿಂದ ದೊರೆಯುತ್ತವೆ.