ಜಾನ್ ವೇನ್ ತಂಗಿದ ತಾಣ... ನಮ್ಮ ಚಕ್ಕಡಿ ತಂಗಿದ ಜೋಗುಳಬಾವಿ!

1939ರ 'ಸ್ಟೇಜ್‌ಕೋಚ್' ನೋಡಿದ್ದೀರಾ ಗೆಳೆಯರೇ? ನಿರ್ದೇಶನ ಜಾನ್ ಫೋರ್ಡ್, ನಾಯಕ ಜಾನ್ ವೇನ್. ಆರು ಕುದುರೆಯ ಗಾಡಿ ಧೂಳೆಬ್ಬಿಸಿ ಓಡುತ್ತೆ. ನಡುಹಾದಿಯಲ್ಲಿ ಅಪಾಚಿ ವೆಲ್ಸ್ ಅನ್ನೋ ತಂಗುದಾಣ. ಗಾಡಿಯಲ್ಲಿದ್ದ ಬಸುರಿಗೆ ಹೆರಿಗೆ ಆಗೋದು ಅಲ್ಲೇ, ನಾಯಕಿ ಡಲ್ಲಾಸ್‌ಳ ಹತ್ತಿರ ನಮ್ಮ ಹೀರೋ ಮದುವೆ ಮಾತು ಎತ್ತೋದೂ ಅಲ್ಲೇ! ಅಂಥ ಹಳೇ ತಂಗುದಾಣಗಳಲ್ಲಿ ಕೆಲವನ್ನು ಅಮೆರಿಕದವರು ಇವತ್ತಿಗೂ ಜೋಪಾನವಾಗಿ ಕಾದಿಟ್ಟಿದ್ದಾರೆ.

ನಮ್ಮಲ್ಲೂ ಇದೆ ಸ್ವಾಮಿ! ಅದನ್ನು ನೋಡಲಿಕ್ಕೇ ಭರತ ಹುಣ್ಣಿಮೆಗೆ ಬೆಳಗಾವಿ ಜಿಲ್ಲೆಯ ಚಚಡಿಗೆ ಹೋಗಿ ಚಕ್ಕಡಿ ಹತ್ತಿದೆ. ಚಚಡಿಯ ಚಕ್ಕಡಿ... ಪ್ರಾಸ ತಾನಾಗಿ ಬಂತು!

"ಸಿನಿಮಾ ಪೇಪರದಾಂವ ಏನಪಾ ತಮ್ಮಾ? ಹಿಂದ ಕಣಕಿ ಮ್ಯಾಲ ಕೂಡು" ಅಂದರು ಚಕ್ಕಡಿ ಹೊಡೆಯೋ ಅಜ್ಜ. ಗಾಡಿಯಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿ, ಅಜ್ಜಿ, ಹತ್ತನೇ ಕ್ಲಾಸಿನ ಮೊಮ್ಮಗಳು. ಅಪಾಚಿ ವೆಲ್ಸ್‌ನಲ್ಲಿ ಕುದುರೆ ಬದಲಿಸಬಹುದು, ಇಲ್ಲಿ ಹಾಗಿಲ್ಲ. ಹೋದ ಎತ್ತೇ ಮನೆಗೆ ಬರಬೇಕು. ಅದಕ್ಕೇ ನೀರು, ನೆರಳು ಕಂಡಲ್ಲೆಲ್ಲ ನೊಗ ಇಳಿಸಬೇಕು. ಹಿಂದಿನಿಂದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಮುಂದೆ ಹೋದವು. ಅಜ್ಜ ತಿರುಗಿಯೂ ನೋಡಲಿಲ್ಲ.

ಸವದತ್ತಿ ಎಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನಂತೆ. ಆ ಗುಡ್ಡ ಹತ್ತೋ ಮುಂಚೆ ಭಕ್ತರು ಮೀಯೋದು ಜೋಗುಳಬಾವಿಯಲ್ಲಿ. ಬೇಲಿ ಇಲ್ಲ, ಕಾವಲಿಲ್ಲ. ಮೂರು ಕಲ್ಲಿಟ್ಟರೆ ಒಲೆ, ಚಕ್ಕಡಿ ಕೆಳಗೆ ಹಾಸಿದರೆ ಹಾಸಿಗೆ. ಎಲ್ಲೆಲ್ಲೂ ಭಂಡಾರ, "ಉಧೋ ಉಧೋ"!

ಬಾವಿಯ ಪಕ್ಕ ನಿಂತಾಗ ನನಗೆ ನೆನಪಾದದ್ದು ಜಾನ್ ವೇನ್ ಅಲ್ಲ, ಡಲ್ಲಾಸ್. ಊರಿನ 'ಮರ್ಯಾದಸ್ಥ' ಹೆಂಗಸರು ಹೊರಗಟ್ಟಿದ ಹೆಣ್ಣು ಅವಳು. ತಂಗುದಾಣದಲ್ಲಿ ಅವಳ ಕೈ ಹಿಡಿಯೋನು ಸಿಕ್ಕ. ಈ ಹಾದಿಯಲ್ಲೂ ಎಳೇ ಹುಡುಗಿಯರನ್ನು ಇಂಥದೇ ಚಕ್ಕಡಿಗಳಲ್ಲಿ ಕೂರಿಸಿ, ಇಲ್ಲೇ ಮೀಯಿಸಿ, ಕೊರಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಅವರಿಗೆ ಯಾವ ಹೀರೋ ಬಂದ? 1982ರಲ್ಲಿ ಕರ್ನಾಟಕ ಇದನ್ನು ನಿಷೇಧಿಸಿ ಕಾಯ್ದೆ ಮಾಡಿತು. ಕಾಯ್ದೆ ಬಂದ ಮಾತ್ರಕ್ಕೆ ಪದ್ಧತಿ ಮರುದಿನವೇ ನಿಲ್ಲಲಿಲ್ಲ ಬಿಡಿ.

ಅಜ್ಜಿಯನ್ನ ಮೆಲ್ಲಗೆ ಕೇಳಿದೆ. "ನನ್ನ ಓರಗಿ ಗೆಳತಿಗಿ ಇಲ್ಲೇ ಮುತ್ತ ಕಟ್ಟಿದ್ರೋ ಯಪ್ಪಾ. ತಿರುಗಿ ನಮ್ಮ ಗಾಡ್ಯಾಗ ಬಂದ್ಲು ಖರೆ, ಮೊದಲಿನಂಗ ನಗಲೇ ಇಲ್ಲ" ಅಂದರು. ಮತ್ತೆ ಮಾತಾಡಲಿಲ್ಲ.

ಕತ್ತಲಾಯ್ತು. ಗಾಡಿಗೆ ಕಂದೀಲು ಕಟ್ಟಿದ ಅಜ್ಜ ಕೂಗಿದರು: "ಎತ್ತಿಗಿ ನೀರ ಕುಡಿಸಿ ಬಾರವಾ!"

"ನೀನ ಕುಡಸಜ್ಜಾ, ನಂದು ಪರೀಕ್ಷಾ ಐತಿ" ಅಂತ ಹುಡುಗಿ ಪುಸ್ತಕದ ಹಾಳೆ ತಿರುವಿದಳು.