ಹೊರಾಂಗಣ ಭಾವಚಿತ್ರ ಛಾಯಾಗ್ರಹಣ

ಹೊರಾಂಗಣ ಭಾವಚಿತ್ರ ಛಾಯಾಗ್ರಹಣವು ಸ್ಟುಡಿಯೋದ ಹೊರಗೆ, ಮುಖ್ಯವಾಗಿ ಸೂರ್ಯ ಮತ್ತು ಆಕಾಶದಿಂದ ದೊರೆಯುವ ಬೆಳಕಿನಲ್ಲಿ ವ್ಯಕ್ತಿಯ ಚಿತ್ರವನ್ನು ತೆಗೆಯುವ ಛಾಯಾಗ್ರಹಣ ಪ್ರಕಾರವಾಗಿದೆ. ಸ್ಟುಡಿಯೋದಲ್ಲಿ ದೀಪವನ್ನು ಬೇಕಾದೆಡೆಗೆ ಸರಿಸಬಹುದು. ಹೊರಾಂಗಣದಲ್ಲಿ ಸರಿಸಬೇಕಾದದ್ದು ವ್ಯಕ್ತಿಯನ್ನು ಮತ್ತು ಕ್ಯಾಮೆರಾವನ್ನು. ಆದುದರಿಂದ ಇಲ್ಲಿ ಛಾಯಾಗ್ರಾಹಕನ ಕೆಲಸದ ಹೆಚ್ಚಿನ ಭಾಗವು ಸ್ಥಳ ಮತ್ತು ವೇಳೆಯ ಆಯ್ಕೆಯಲ್ಲಿಯೇ ಮುಗಿದಿರುತ್ತದೆ. ಈ ಪ್ರಕಾರದಲ್ಲಿ ಬಹುವಾಗಿ ಬಳಕೆಯಲ್ಲಿರುವ ಮಂದ ವರ್ಣಛಾಯೆಯನ್ನು ಸಂಸ್ಕರಣಾ ತಂತ್ರಾಂಶದ ಕೊಡುಗೆಯೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ಮೊದಲು ಬೆಳಕಿನ ಗುಣ. ಅದು ಸರಿಯಾಗಿ ಮೂಡಿದೆಯೇ ಎಂಬುದನ್ನು ಚಿತ್ರದಲ್ಲಿರುವ ವ್ಯಕ್ತಿಯ ಚರ್ಮದ ಬಣ್ಣವು ತಿಳಿಸುತ್ತದೆ.

ಇತಿಹಾಸ

ಛಾಯಾಚಿತ್ರಣದ ಆರಂಭದ ದಿನಗಳಲ್ಲಿ ಭಾವಚಿತ್ರಗಳನ್ನು ಹೊರಾಂಗಣದಲ್ಲಿ ತೆಗೆಯುವುದು ಅನಿವಾರ್ಯವಾಗಿತ್ತು. ಅಂದಿನ ಫಲಕಗಳು ಬೆಳಕಿಗೆ ಬಹಳ ನಿಧಾನವಾಗಿ ಸ್ಪಂದಿಸುತ್ತಿದ್ದವು. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ತನ್ನ ಕುಟುಂಬದ ಅಂಗಡಿಯ ಹಿಂಭಾಗದಲ್ಲಿ, ಬಿಸಿಲಿನಲ್ಲಿ ಅಲುಗಾಡದೆ ಕುಳಿತು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡನು. ಇದು ಉಳಿದು ಬಂದಿರುವ ಅತ್ಯಂತ ಹಳೆಯ ಛಾಯಾ ಭಾವಚಿತ್ರಗಳಲ್ಲೊಂದು.

ಈ ಅನಿವಾರ್ಯತೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಸ್ಕಾಟ್ಲೆಂಡಿನ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್ಸನ್. ಹಿಲ್ ವರ್ಣಚಿತ್ರಕಾರ, ಆಡಮ್ಸನ್ ಛಾಯಾಚಿತ್ರಣದ ರಾಸಾಯನಿಕ ಕ್ರಿಯೆಗಳಲ್ಲಿ ನಿಪುಣ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಇಬ್ಭಾಗವಾದಾಗ ಅದರಿಂದ ಹೊರಬಂದ ಪಾದ್ರಿಗಳ ಬೃಹತ್ ಸಮೂಹಚಿತ್ರವೊಂದನ್ನು ಬರೆಯಲು ಹಿಲ್ ನಿರ್ಧರಿಸಿದನು. ನೂರಾರು ಮುಖಗಳನ್ನು ನೆನಪಿಗಾಗಿ ದಾಖಲಿಸಿಕೊಳ್ಳಲು ಆಡಮ್ಸನ್ನನ ನೆರವು ಪಡೆದನು. ಎಡಿನ್‌ಬರೋದ ಕಾಲ್ಟನ್ ಗುಡ್ಡದ ರಾಕ್ ಹೌಸ್ ಎಂಬ ಮನೆಯ ಹೊರಗೆ ಕುರ್ಚಿ, ಮೇಜು, ಪುಸ್ತಕ, ಪರದೆಗಳನ್ನು ತಂದಿಟ್ಟು, ನೋಡುವವರಿಗೆ ಕೋಣೆಯೊಳಗಿನ ದೃಶ್ಯವೆಂದು ತೋರುವಂತೆ ಬಯಲಿನಲ್ಲಿ ಚಿತ್ರಗಳನ್ನು ತೆಗೆಯಲಾಯಿತು. ಕುಳಿತವರು ಗಲ್ಲಕ್ಕೆ ಕೈ ಆನಿಸಿಕೊಂಡಿರುವುದು, ಪುಸ್ತಕವನ್ನು ಹಿಡಿದಿರುವುದು ಗಾಂಭೀರ್ಯಕ್ಕಾಗಿ ಮಾತ್ರವಲ್ಲ. ದೀರ್ಘಕಾಲ ಅಲುಗಾಡದಿರಲು ಅದೊಂದು ಆಧಾರವೂ ಆಗಿತ್ತು. ಸಮೂಹಚಿತ್ರವು ಪೂರ್ಣಗೊಂಡದ್ದು 1866ರಲ್ಲಿ. ಇಂದು ಅದಕ್ಕಿಂತ ಹೆಚ್ಚು ಗೌರವ ಪಡೆದಿರುವುದು ಅದರ ಸಿದ್ಧತೆಗಾಗಿ ಆರಂಭವಾದ ಛಾಯಾಚಿತ್ರಗಳು ಮತ್ತು ಅದೇ ಜೋಡಿಯು ನ್ಯೂಹೇವನ್ ಎಂಬ ಮೀನುಗಾರರ ಊರಿನಲ್ಲಿ ತೆಗೆದ ಚಿತ್ರಗಳು. ಅವರು ಬಳಸಿದ ಕ್ಯಾಲೋಟೈಪ್ ವಿಧಾನದಲ್ಲಿ ನೆಗೆಟಿವ್ ಕಾಗದದ್ದಾಗಿತ್ತು. ಕಾಗದದ ನಾರುಗಳು ಸೂಕ್ಷ್ಮ ವಿವರಗಳನ್ನು ಮಸುಕಾಗಿಸಿ, ಚಿತ್ರಕ್ಕೆ ಮೃದುವಾದ ಛಾಯೆಯನ್ನು ನೀಡುತ್ತಿದ್ದವು. ಮಂದ ವರ್ಣಛಾಯೆಯ ಭಾವಚಿತ್ರಗಳ ಪರಂಪರೆಯನ್ನು ಇಲ್ಲಿಂದಲೇ ಗುರುತಿಸಬಹುದು.

1873ರಲ್ಲಿ ವಿಲಿಯಂ ವಿಲ್ಲಿಸ್ ಪೇಟೆಂಟ್ ಪಡೆದ ಪ್ಲಾಟಿನಂ ಮುದ್ರಣ ವಿಧಾನವು ಹೊಳಪಿಲ್ಲದ ಕಾಗದದ ಮೇಲೆ ಬೂದು ಬಣ್ಣದ ಅನೇಕ ಮೆಟ್ಟಿಲುಗಳನ್ನು ತೋರಿಸಬಲ್ಲದಾಗಿತ್ತು. ಪೀಟರ್ ಹೆನ್ರಿ ಎಮರ್ಸನ್ ಇಂಗ್ಲೆಂಡಿನ ನಾರ್ಫೋಕ್ ಜೌಗುಪ್ರದೇಶದ ದುಡಿಯುವ ಜನರನ್ನು ಅವರ ಪರಿಸರದಲ್ಲಿಯೇ ಚಿತ್ರಿಸಿ, 1886ರಲ್ಲಿ ಪ್ಲಾಟಿನಂ ಮುದ್ರಣಗಳ ಸಂಪುಟವನ್ನು ಹೊರತಂದನು. ಜರ್ಮನಿಯ ಆಗಸ್ಟ್ ಸ್ಯಾಂಡರ್ 1914ರಲ್ಲಿ ತೆಗೆದ ಮೂವರು ಯುವ ರೈತರ ಚಿತ್ರವು ಈ ಪ್ರಕಾರದ ಪ್ರಸಿದ್ಧ ಉದಾಹರಣೆ. ಕಪ್ಪು ಸೂಟು ತೊಟ್ಟು, ಕೈಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದ ಅವರು ಕ್ಯಾಮೆರಾದತ್ತ ತಿರುಗಿ ನೋಡುತ್ತಾರೆ. ಹಿಂದಿನ ಬಯಲು ತೆಳುವಾಗಿ ಮಸುಕಾಗಿದೆ. ಕರ್ನಾಟಕದ ಮಟ್ಟಿಗೆ ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ ದೈನಂದಿನ ಬದುಕನ್ನು ಕಪ್ಪು-ಬಿಳುಪಿನಲ್ಲಿ ದಾಖಲಿಸಿದ ಪ್ರಮುಖ ಛಾಯಾಗ್ರಾಹಕರು. ಅವರಿಗೆ 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಬೆಳಕು

ಬೆಳಕಿನ ಮೂಲವು ವ್ಯಕ್ತಿಯಿರುವ ಸ್ಥಳದಿಂದ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ಅದನ್ನು ಅವಲಂಬಿಸಿ ನೆರಳು ಮೃದುವಾಗುತ್ತದೆ ಅಥವಾ ಗಡುಸಾಗುತ್ತದೆ. ಸೂರ್ಯನು ಅಗಾಧ ಗಾತ್ರದವನಾದರೂ ಭೂಮಿಯಿಂದ ನೋಡಿದಾಗ ಸುಮಾರು ಅರ್ಧ ಡಿಗ್ರಿಯಷ್ಟು ಮಾತ್ರ ಅಗಲವಾಗಿ ಕಾಣುತ್ತಾನೆ. ಆದ್ದರಿಂದ ನೇರ ಬಿಸಿಲಿನಲ್ಲಿ ಮೂಗು ಮತ್ತು ಹುಬ್ಬುಗಳ ನೆರಳು ಕತ್ತರಿಸಿಟ್ಟಂತೆ ಬೀಳುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ಬೆಳಕಿನ ಮೂಲವಾಗಿ ನೆರಳಿನ ಅಂಚು ಕರಗುತ್ತದೆ. ಮಲೆನಾಡಿನ ಮಳೆಗಾಲದ ಹಗಲಿನಲ್ಲಿ ತೆಗೆದ ಚಿತ್ರಗಳು ಯಾವ ಸಂಸ್ಕರಣೆಯೂ ಇಲ್ಲದೆ ಸೌಮ್ಯವಾಗಿ ಕಾಣುವುದು ಇದೇ ಕಾರಣದಿಂದ.

ಮೋಡದ ಬೆಳಕಿಗೂ ದೋಷವುಂಟು. ಅದರ ಹೆಚ್ಚಿನ ಪಾಲು ಮೇಲಿನಿಂದ ಬರುವುದರಿಂದ ಕಣ್ಣಿನ ಗುಳಿಗಳು ಕಪ್ಪಾಗಿ ಉಳಿಯುತ್ತವೆ. ಇದಕ್ಕೆ ಸುಲಭ ಪರಿಹಾರವೆಂದರೆ ತಲೆಯ ಮೇಲೆ ಮರೆಯಿರುವ, ಮುಂದೆ ತೆರೆದಿರುವ ಜಾಗ. ಹಳೆಯ ಮನೆಗಳ ಜಗಲಿಯು ಈ ದೃಷ್ಟಿಯಿಂದ ಬಹುಶಃ ಅತ್ಯುತ್ತಮ ಸ್ಟುಡಿಯೋ. ಸೂರು ಮೇಲಿನ ಬೆಳಕನ್ನು ತಡೆಯುತ್ತದೆ. ಅಂಗಳದ ಕಡೆಯ ತೆರೆದ ಆಕಾಶದಿಂದ ಬರುವ ಬೆಳಕು ಮುಖದ ಮಟ್ಟದಲ್ಲಿಯೇ ಒಳಬಂದು ಕಣ್ಣುಗಳಲ್ಲಿ ಪ್ರತಿಬಿಂಬಿಸುತ್ತದೆ. ವ್ಯಕ್ತಿಯು ಜಗಲಿಯ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ, ಅಂಗಳಕ್ಕೆ ಮುಖಮಾಡಿ ಕುಳಿತರೆ ಸಾಕು. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಒಂದು ಕೆನ್ನೆಯಲ್ಲಿ ಬೆಳಕು, ಇನ್ನೊಂದರಲ್ಲಿ ಹಗುರವಾದ ನೆರಳು ಉಂಟಾಗಿ ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ಮರದ ನೆರಳು ಇಷ್ಟು ನಂಬಿಕೆಗೆ ಅರ್ಹವಲ್ಲ. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತವೆ. ಜೊತೆಗೆ ಎಲೆಗಳನ್ನು ಹಾಯ್ದು ಬಂದ ಬೆಳಕು ಚರ್ಮಕ್ಕೆ ಹಸಿರು ಬಣ್ಣವನ್ನು ಬಳಿಯುತ್ತದೆ. ಸುತ್ತಲಿನ ಪ್ರತಿಯೊಂದು ಮೇಲ್ಮೈಯೂ ಹೀಗೆ ತನ್ನ ಬಣ್ಣವನ್ನು ಮುಖಕ್ಕೆ ಹಂಚುತ್ತದೆ. ಕೆಮ್ಮಣ್ಣಿನ ಅಂಗಳವು ಗಲ್ಲದ ಕೆಳಭಾಗವನ್ನು ಕೆಂಪಾಗಿಸುತ್ತದೆ, ಸುಣ್ಣ ಬಳಿದ ಗೋಡೆಯು ಬಣ್ಣ ಬೆರೆಸದೆ ನೆರಳನ್ನು ತುಂಬುತ್ತದೆ. ಗೋಡೆ ಇಲ್ಲದಿದ್ದಲ್ಲಿ ಬಿಳಿಯ ಪಂಚೆ ಅಥವಾ ಥರ್ಮಾಕೋಲ್ ಹಲಗೆಯೂ ಆ ಕೆಲಸವನ್ನು ಮಾಡುತ್ತದೆ. ಸತ್ಯಜಿತ್ ರಾಯ್ ಅವರ 1956ರ ಅಪರಾಜಿತೋ ಚಲನಚಿತ್ರದಲ್ಲಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ನಿರ್ಮಿಸಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಟ್ಟೆಯನ್ನು ಹರಡಿ ಅದಕ್ಕೆ ದೀಪಗಳ ಬೆಳಕನ್ನು ಹಾಯಿಸಿ ಆಕಾಶದ ಬೆಳಕನ್ನೇ ಮರುಸೃಷ್ಟಿಸಿದ್ದರು.

ವೇಳೆಯ ವಿಷಯದಲ್ಲಿ ಯುರೋಪಿನ ಪುಸ್ತಕಗಳ ಸಲಹೆಯನ್ನು ಎಚ್ಚರಿಕೆಯಿಂದ ಅನ್ವಯಿಸಬೇಕು. ಸೂರ್ಯನು ದಿಗಂತದ ಮೇಲೆ ಸುಮಾರು 6 ಡಿಗ್ರಿಗಿಂತ ಕಡಿಮೆ ಎತ್ತರದಲ್ಲಿರುವಾಗಿನ ಹೊಂಬಣ್ಣದ ಬೆಳಕನ್ನು ಅವು ಸುವರ್ಣ ಗಂಟೆ ಎಂದು ಕರೆಯುತ್ತವೆ. ಎಡಿನ್‌ಬರೋದಂತಹ ಉತ್ತರದ ನಗರಗಳಲ್ಲಿ ಸೂರ್ಯನು ಓರೆಯಾಗಿ ಇಳಿಯುವುದರಿಂದ ಈ ಅವಧಿ ವಿಷುವದ ದಿನಗಳಲ್ಲಿ 40 ನಿಮಿಷವನ್ನು ಮೀರುತ್ತದೆ. ಬೇಸಿಗೆಯಲ್ಲಿ ಗಂಟೆಯನ್ನೇ ಸಮೀಪಿಸುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಸೂರ್ಯನು ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಇಲ್ಲಿ ದೊರೆಯುವುದು 25 ನಿಮಿಷಗಳ ಆಸುಪಾಸು ಮಾತ್ರ. 24 ನಿಮಿಷಗಳ ಕಾಲಾವಧಿಗೆ ಕನ್ನಡದಲ್ಲಿ ಗಳಿಗೆ ಎಂಬ ಹೆಸರಿರುವುದರಿಂದ ಇದನ್ನು ಸುವರ್ಣ ಗಳಿಗೆ ಎನ್ನುವುದೇ ಹೆಚ್ಚು ಸರಿಯಾದೀತು. ಅದೇ ಕಾರಣಕ್ಕೆ ನಡುಹಗಲಿನ ಬಿಸಿಲೂ ಇಲ್ಲಿ ಕಠಿಣ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಬೆಂಗಳೂರಿನ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ, ಆದರೆ ಮನುಷ್ಯನ ಕಣ್ಣುಗಳು ಪೂರ್ತಿ ನೆರಳಿನಲ್ಲಿರುತ್ತವೆ.

ಮಂದ ವರ್ಣಛಾಯೆ

ಚಿತ್ರದ ಅತ್ಯಂತ ಕಪ್ಪಾದ ಮತ್ತು ಅತ್ಯಂತ ಬಿಳಿಯಾದ ಭಾಗಗಳ ನಡುವಿನ ಅಂತರವು ಕಡಿಮೆಯಿದ್ದು, ಬಣ್ಣಗಳ ತೀವ್ರತೆಯೂ ತಗ್ಗಿದ್ದರೆ ಅದನ್ನು ಮಂದ ವರ್ಣಛಾಯೆ ಎನ್ನಬಹುದು. ಕಡಿಮೆ ಬೆಳಕು ದಾಖಲಾಗಿ ಕಪ್ಪಾದ ಚಿತ್ರವು ಮಂದ ಛಾಯೆಯ ಚಿತ್ರವಲ್ಲ. ಮಂದ ಛಾಯೆಯಲ್ಲಿ ನೆರಳಿನ ಒಳಗೂ ವಿವರಗಳು ಕಾಣಬೇಕು.

ಇದಕ್ಕೆ ಬೇಕಾದುದು ದೃಶ್ಯದಲ್ಲಿಯೇ ಇರುವ ಕಡಿಮೆ ಕಾಂಟ್ರಾಸ್ಟ್. ಮುಂಜಾನೆಯ ಮಂಜು ಇದಕ್ಕೆ ಸಹಜ ಸಾಧನ. ಗಾಳಿಯಲ್ಲಿರುವ ನೀರಿನ ಹನಿಗಳು ಬೆಳಕನ್ನು ಚದುರಿಸಿ ದೂರದ ವಸ್ತುಗಳ ಮೇಲೆ ಬಿಳಿಯ ತೆರೆಯನ್ನು ಹಾಸುತ್ತವೆ. ಹತ್ತಿರವಿರುವ ವ್ಯಕ್ತಿಗೆ ಅದು ತಟ್ಟುವುದಿಲ್ಲವಾದುದರಿಂದ ವ್ಯಕ್ತಿಯು ಹಿನ್ನೆಲೆಯಿಂದ ತಾನಾಗಿಯೇ ಬೇರ್ಪಡುತ್ತಾನೆ. ಉಡುಪಿನ ಆಯ್ಕೆಯೂ ಮುಖ್ಯ. ಬಿಸಿಲಿನಲ್ಲಿ ಹೊಳೆಯುವ ಜರತಾರಿ ಅಂಚು ಅಥವಾ ಅಚ್ಚಬಿಳಿಯ ಅಂಗಿಯು ಕಣ್ಣನ್ನು ಮುಖದಿಂದ ಕಿತ್ತುಕೊಳ್ಳುತ್ತದೆ. ಕಾವಿ, ಕಂದು, ಬೂದು, ಮಾಸಿದ ನೀಲಿ ಬಣ್ಣದ ಹತ್ತಿ ಬಟ್ಟೆಗಳು ಹಿನ್ನೆಲೆಯೊಡನೆ ಹೊಂದಿಕೊಳ್ಳುತ್ತವೆ. ಫಿಲ್ಮ್ ಬಳಸುವವರಲ್ಲಿ ಅನೇಕರು ಕೊಡಕ್ ಕಂಪನಿಯು 1998ರಲ್ಲಿ ತಂದ ಪೋರ್ಟ್ರಾ ಸರಣಿಯನ್ನು ಇಷ್ಟಪಡುವುದು ಚರ್ಮದ ಬಣ್ಣವನ್ನು ಅದು ಸೌಮ್ಯವಾಗಿ ತೋರಿಸುವುದರಿಂದ.

ಡಿಜಿಟಲ್ ಸಂಸ್ಕರಣೆಯಲ್ಲಿ ಕಪ್ಪನ್ನು ಬೂದು ಬಣ್ಣದತ್ತ ಎತ್ತುವುದು, ಬಣ್ಣದ ತೀವ್ರತೆಯನ್ನು ಇಳಿಸುವುದು ಸಾಮಾನ್ಯ ಕ್ರಮ. ಸಾಧ್ಯವಿದ್ದಲ್ಲಿ ಇದನ್ನು ಕ್ಯಾಮೆರಾದ ರಾ ಕಡತದ ಮೇಲೆ ಮಾಡುವುದು ಒಳ್ಳೆಯದು. ಜೆಪೆಗ್ ಕಡತದಲ್ಲಿ ಪ್ರತಿ ವರ್ಣಕ್ಕೆ 256 ಮಟ್ಟಗಳಷ್ಟೇ ಇರುತ್ತವೆ. ಅದನ್ನು ಹೆಚ್ಚು ಎಳೆದಾಡಿದರೆ ಆಕಾಶ ಮತ್ತು ಕೆನ್ನೆಯಂತಹ ನುಣುಪಾದ ಭಾಗಗಳಲ್ಲಿ ಪಟ್ಟೆಗಳು ಮೂಡುತ್ತವೆ. ಎಲ್ಲ ಬಣ್ಣಗಳನ್ನೂ ಒಂದೇ ಸಮ ಇಳಿಸುವುದು ಹೆಚ್ಚಿನ ಚಿತ್ರಗಳನ್ನು ಕೆಡಿಸುವ ತಪ್ಪು. ಹಿನ್ನೆಲೆಯ ಹಸಿರು ತಗ್ಗುವುದರ ಜೊತೆಗೆ ಮುಖದ ಕೆಂಪೂ ಇಂಗಿಹೋಗಿ ವ್ಯಕ್ತಿಯು ಕಾಯಿಲೆಯಿಂದ ಎದ್ದವರಂತೆ ಕಾಣುತ್ತಾರೆ. ಹಸಿರು ಮತ್ತು ನೀಲಿಯನ್ನಷ್ಟೇ ಪ್ರತ್ಯೇಕವಾಗಿ ತಗ್ಗಿಸಿ, ಚರ್ಮದ ಬಣ್ಣ ಅಡಗಿರುವ ಕಿತ್ತಳೆ ಮತ್ತು ಕೆಂಪನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುವುದು ಉಚಿತ.

ಚಿತ್ರಸಂಯೋಜನೆ

ಮಂದ ಛಾಯೆಯ ಚಿತ್ರದಲ್ಲಿ ಬಣ್ಣವು ಕಣ್ಣನ್ನು ಸೆಳೆಯುವುದಿಲ್ಲವಾದ್ದರಿಂದ ಸಂಯೋಜನೆಯ ಮೇಲೆ ಹೆಚ್ಚಿನ ಹೊಣೆ ಬೀಳುತ್ತದೆ. ನೋಟವು ಸಾಮಾನ್ಯವಾಗಿ ಅತ್ಯಂತ ಬೆಳಗಿರುವ ಜಾಗಕ್ಕೆ ಮೊದಲು ಹೋಗುತ್ತದೆ. ಹೀಗಾಗಿ ತಲೆಯ ಹಿಂದಿರುವ ಬಿಳಿಯ ಆಕಾಶದ ತುಣುಕು ಅಥವಾ ಬಿಸಿಲು ಬಿದ್ದ ಗೋಡೆಯು ದೊಡ್ಡ ತೊಡಕು. ಕ್ಯಾಮೆರಾವನ್ನು ಒಂದಡಿ ಮೇಲೆತ್ತಿದರೆ ಅಥವಾ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದು ಮರೆಯಾಗುತ್ತದೆ. ದಿಗಂತದ ಗೆರೆ, ವಿದ್ಯುತ್ ತಂತಿ, ಕಿಟಕಿಯ ಅಂಚುಗಳು ಕುತ್ತಿಗೆ ಅಥವಾ ಕಣ್ಣಿನ ಮಟ್ಟದಲ್ಲಿ ಹಾಯದಂತೆಯೂ ನೋಡಿಕೊಳ್ಳಬೇಕು.

ಪೂರ್ಣ ಚೌಕಟ್ಟಿನ ಕ್ಯಾಮೆರಾಗಳಲ್ಲಿ 85ರಿಂದ 135 ಮಿಲಿಮೀಟರ್ ಸಂಗಮದೂರದ ಲೆನ್ಸ್‌ಗಳು ಭಾವಚಿತ್ರಕ್ಕೆ ರೂಢಿಯಲ್ಲಿವೆ. ಮುಖದ ಆಕಾರವನ್ನು ಲೆನ್ಸ್ ಬದಲಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದನ್ನು ನಿರ್ಧರಿಸುವುದು ದೂರ. ಮೊಬೈಲ್ ಫೋನನ್ನು ಮುಖದ ಹತ್ತಿರ ಹಿಡಿದಾಗ ಕಿವಿಗಿಂತ ಮೂಗು ಕ್ಯಾಮೆರಾಗೆ ಗಣನೀಯವಾಗಿ ಸಮೀಪವಾಗಿ ದೊಡ್ಡದಾಗಿ ಕಾಣುತ್ತದೆ. ಎರಡು ಮೀಟರ್ ಹಿಂದೆ ಸರಿದರೆ ಆ ವ್ಯತ್ಯಾಸ ನಗಣ್ಯವಾಗುತ್ತದೆ. ಉದ್ದದ ಲೆನ್ಸ್ ಆ ದೂರದಿಂದಲೂ ಮುಖವು ಚೌಕಟ್ಟನ್ನು ತುಂಬುವಂತೆ ಮಾಡುತ್ತದೆ, ಅಷ್ಟೇ.

ಮೂರನೆಯ ಒಂದು ಭಾಗದ ನಿಯಮವನ್ನು ಪ್ರತಿಯೊಂದು ಕೈಪಿಡಿಯೂ ಹೇಳುತ್ತದೆ. ಅದಕ್ಕೆ ಹೆಸರು ಕೊಟ್ಟ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಬರೆದದ್ದು ಗ್ರಾಮೀಣ ದೃಶ್ಯಗಳ ವರ್ಣಚಿತ್ರಗಳ ಕುರಿತು. ನೇರವಾಗಿ ನೋಡುತ್ತಿರುವ ವ್ಯಕ್ತಿಯನ್ನು ಚೌಕಟ್ಟಿನ ನಡುವೆಯೇ ನಿಲ್ಲಿಸಿದ ಉತ್ತಮ ಭಾವಚಿತ್ರಗಳು ಬೇಕಾದಷ್ಟಿವೆ.

ಚರ್ಮದ ಬಣ್ಣ ಮತ್ತು ಬೆಳಕಿನ ಅಳತೆ

ಕ್ಯಾಮೆರಾದ ಬೆಳಕಿನ ಮಾಪಕವು ತಾನು ನೋಡುವ ಭಾಗವನ್ನು ಮಧ್ಯಮ ಬೂದು ಬಣ್ಣವೆಂದು ಭಾವಿಸುತ್ತದೆ. ಸುಮಾರು ಶೇಕಡ 18ರಷ್ಟು ಬೆಳಕನ್ನು ಪ್ರತಿಫಲಿಸುವ ಬೂದು ಹಲಗೆಯನ್ನು ಇದಕ್ಕೆ ಅಳತೆಗೋಲಾಗಿ ಬಳಸುವುದು ವಾಡಿಕೆ. ಬಿಳಿಯ ಪಂಚೆ, ಬಿಳಿಯ ಅಂಗಿ ತೊಟ್ಟ ಶ್ಯಾಮಲವರ್ಣದ ರೈತನೊಬ್ಬ ಬಿಸಿಲಿನಲ್ಲಿ ನಿಂತಿದ್ದಾನೆಂದುಕೊಳ್ಳೋಣ. ಮಾಪಕವು ಬಟ್ಟೆಯನ್ನು ಬೂದು ಮಾಡಲು ಹೋಗಿ ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಮುಖವನ್ನು ಮಾತ್ರ ಅಳೆದರೆ ಅದನ್ನು ಇರುವುದಕ್ಕಿಂತ ಬೆಳ್ಳಗೆ ತೋರಿಸಿ ಬಟ್ಟೆಯ ವಿವರವನ್ನು ಅಳಿಸುತ್ತದೆ. ಅವನನ್ನು ಜಗಲಿಯ ನೆರಳಿಗೆ ಕರೆದರೆ ಎರಡೂ ದಾಖಲಾಗುತ್ತವೆ.

ಈ ತೊಂದರೆ ಭೌತಶಾಸ್ತ್ರದ್ದಷ್ಟೇ ಅಲ್ಲ. ಬಣ್ಣದ ಮುದ್ರಣವನ್ನು ಸರಿಹೊಂದಿಸಲು ಕೊಡಕ್ ಕಂಪನಿಯು ಪ್ರಯೋಗಾಲಯಗಳಿಗೆ ನೀಡುತ್ತಿದ್ದ, ಶರ್ಲಿ ಕಾರ್ಡ್ ಎಂದು ಹೆಸರಾದ ಮಾದರಿಗಳಲ್ಲಿ ದಶಕಗಳ ಕಾಲ ಬಿಳಿಯ ಮಹಿಳೆಯ ಮುಖವೇ ಇತ್ತು. ಆ ಚರ್ಮ ಸರಿಯಾಗಿ ಕಂಡರೆ ಮುದ್ರಣವು ಸರಿಯೆಂದು ಭಾವಿಸಲಾಗುತ್ತಿತ್ತು. ಕಪ್ಪು ಮತ್ತು ಕಂದು ಬಣ್ಣದ ಜನರ ಮುಖಗಳು ವಿವರಗಳಿಲ್ಲದೆ ಮೂಡುತ್ತಿದ್ದುದು ಬಹುಕಾಲ ದೋಷವೆನಿಸಲಿಲ್ಲ. ಸಂಶೋಧಕಿ ಲೋರ್ನಾ ರಾತ್ ಅವರ ಅಧ್ಯಯನದ ಪ್ರಕಾರ, ಫಿಲ್ಮ್‌ನ ಕಂದು ಛಾಯೆಗಳನ್ನು ಉತ್ತಮಪಡಿಸಲು ಒತ್ತಾಯ ಬಂದದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ತಯಾರಕರಿಂದ. ವಿವಿಧ ಬಣ್ಣದ ಮುಖಗಳಿರುವ ಮಾದರಿಗಳು ಬಂದದ್ದು 1990ರ ದಶಕದಲ್ಲಿ. ಗೂಗಲ್ ಕಂಪನಿಯು 2021ರಲ್ಲಿ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಕಂದು ಚರ್ಮವನ್ನು ಸರಿಯಾಗಿ ತೋರಿಸುವುದನ್ನು ಹೊಸ ಸೌಲಭ್ಯವೆಂದು ಪ್ರಕಟಿಸಿತು.

ಭಾರತದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮದುವೆಯ ಆಲ್ಬಮ್ ಮತ್ತು ಹೆಣ್ಣು ನೋಡುವ ಸಂದರ್ಭದ ಫೋಟೋಗಳಲ್ಲಿ ಮುಖವನ್ನು ಬೆಳ್ಳಗೆ ಮಾಡಿಕೊಡುವುದು ಹಳೆಯ ವಾಡಿಕೆ. ಮಂದ ಛಾಯೆಯ ಸಿದ್ಧ ಫಿಲ್ಟರ್‌ಗಳಲ್ಲಿ ಹಲವು ಕಪ್ಪನ್ನು ಎತ್ತಿ ಕಿತ್ತಳೆಯನ್ನು ಇಳಿಸುವುದರಿಂದ, ಕೇಳದಿದ್ದರೂ ಅದೇ ಫಲ ನೀಡುತ್ತವೆ: ಕಂದು ಚರ್ಮವು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಸಂಸ್ಕರಿಸಿದ ಚಿತ್ರವನ್ನು ಮೂಲದ ಪಕ್ಕದಲ್ಲಿಟ್ಟು, ಸಾಧ್ಯವಾದರೆ ಆ ವ್ಯಕ್ತಿಯ ಎದುರಿನಲ್ಲಿಯೇ, ಕೈ ಮತ್ತು ಮುಖದ ಬಣ್ಣವನ್ನು ಹೋಲಿಸಿ ನೋಡುವುದು ಇದನ್ನು ಪತ್ತೆಹಚ್ಚುವ ಸರಳ ವಿಧಾನ. ಕಂದು ಚರ್ಮದಲ್ಲಿ ಮುಖದ ರೂಪವನ್ನು ತೋರಿಸುವುದು ಹಣೆ, ಕೆನ್ನೆಯ ಮೂಳೆ ಮತ್ತು ಮೂಗಿನ ಮೇಲೆ ಪ್ರತಿಫಲಿಸುವ ಆಕಾಶದ ಹೊಳಪು. ಪೌಡರ್ ಬಳಿದು ಅಥವಾ ತಂತ್ರಾಂಶದಿಂದ ಆ ಹೊಳಪನ್ನು ಅಳಿಸದೆ, ವ್ಯಕ್ತಿಯನ್ನು ತೆರೆದ ಆಕಾಶದ ಕಡೆಗೆ ಸ್ವಲ್ಪ ತಿರುಗಿಸಿ ಅದನ್ನು ಹರಡುವಂತೆ ಮಾಡಿದರೆ, ಎಕ್ಸ್‌ಪೋಷರ್ ಹೆಚ್ಚಿಸದೆಯೇ ಮುಖವು ಬೆಳಗುತ್ತದೆ.