ನಗರದೀಪಗಳ ಮಿಡಿತ ತೋರುವ ತಿರುಗುಗನ್ನಡಿ

ರಾತ್ರಿಯ ನಗರದಲ್ಲಿ ಒಂದೇ ಸಮನೆ ಬೆಳಗುವಂತೆ ಕಾಣುವ ದೀಪಗಳಲ್ಲಿ ಹಲವು ವಾಸ್ತವವಾಗಿ ಸೆಕೆಂಡಿಗೆ 100 ಬಾರಿ ಹೊಳಪೇರಿ ಮಂಕಾಗುತ್ತಿರುತ್ತವೆ. ಭಾರತದಲ್ಲಿ ಪೂರೈಕೆಯಾಗುವ ಪರ್ಯಾಯ ವಿದ್ಯುತ್ತು, ಅಂದರೆ ಹರಿವಿನ ದಿಕ್ಕನ್ನು ಮತ್ತೆ ಮತ್ತೆ ಬದಲಿಸುವ ವಿದ್ಯುತ್ತು, ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಪ್ರತಿ ಆವರ್ತದಲ್ಲಿಯೂ ಅದು ಎರಡು ಬಾರಿ ಸೊನ್ನೆಯನ್ನು ದಾಟುವುದರಿಂದ ಬೆಳಕೂ ಎರಡು ಬಾರಿ ಕುಗ್ಗುತ್ತದೆ. ಇಷ್ಟು ಶೀಘ್ರವಾದ ಏರಿಳಿತವನ್ನು ಕಣ್ಣು ಬಿಡಿಬಿಡಿಯಾಗಿ ಗುರುತಿಸಲಾರದು. ಆದರೆ ಕಾಲದಲ್ಲಿ ನಡೆಯುವ ಈ ಬದಲಾವಣೆಯನ್ನು ಸ್ಥಳದಲ್ಲಿ ಹರಡಿದರೆ ಅದು ದೃಷ್ಟಿಗೆ ದಕ್ಕುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1834ರಲ್ಲಿ ವಿದ್ಯುತ್ ಕಿಡಿಗಳ ಅವಧಿಯನ್ನು ತಿರುಗುವ ಕನ್ನಡಿಯಿಂದ ಪರಿಶೀಲಿಸಿದ್ದು ಇದೇ ತತ್ತ್ವದ ಮೇಲೆ.

ಇಂಥ ಉಪಕರಣವನ್ನು ಮನೆಯಲ್ಲಿಯೇ ರಚಿಸಬಹುದು. ಬ್ಯಾಟರಿಯಿಂದ ನಡೆಯುವ, ನಿಮಿಷಕ್ಕೆ 600 ಸುತ್ತು ತಿರುಗುವ ಗೇರ್ ಮೋಟಾರಿನ ಅಕ್ಷಕ್ಕೆ ಪ್ಲಾಸ್ಟಿಕ್ ಗಾಲಿಯೊಂದನ್ನು ಜೋಡಿಸಿ, ಅದರ ಮೇಲೆ ಸುಮಾರು 5 ಸೆಂಟಿಮೀಟರ್ ಅಗಲದ ಅಕ್ರಿಲಿಕ್ ಕನ್ನಡಿಯನ್ನು ಭದ್ರವಾಗಿ ಅಂಟಿಸಬೇಕು. ಗಾಜು ಒಡೆದು ಸಿಡಿಯಬಹುದಾದ್ದರಿಂದ ಅದನ್ನು ಬಳಸಕೂಡದು. ಅಂಟಿಸುವಾಗ ಕನ್ನಡಿಯ ಒಂದು ಅಂಚಿನಡಿ 1 ಮಿಲಿಮೀಟರ್ ದಪ್ಪದ ರಟ್ಟನ್ನಿಟ್ಟರೆ ಅದು ತುಸು ಓರೆಯಾಗಿ ನಿಲ್ಲುತ್ತದೆ, ಮತ್ತು ಆ ಓರೆಯಿಂದಾಗಿಯೇ ಕನ್ನಡಿ ತಿರುಗಿದಾಗ ದೂರದ ದೀಪದ ಪ್ರತಿಬಿಂಬವು ವೃತ್ತವೊಂದನ್ನು ಬರೆಯುತ್ತದೆ. ಏರಿಳಿತವಿಲ್ಲದ ಬೆಳಕಾದರೆ ವೃತ್ತ ಅಖಂಡವಾಗಿರುತ್ತದೆ. ಮಿಡಿಯುವ ಬೆಳಕಾದರೆ ತುಂಡುತುಂಡಾಗುತ್ತದೆ. ಸೆಕೆಂಡಿಗೆ 10 ಸುತ್ತಿನ ವೇಗದಲ್ಲಿ 10 ತುಂಡುಗಳು ಕಂಡರೆ, ಇವೆರಡರ ಗುಣಲಬ್ಧವಾದ 100 ಆ ದೀಪದ ಮಿಡಿತದ ದರವಾಗುತ್ತದೆ. ಸೂರ್ಯನನ್ನಾಗಲಿ ಲೇಸರ್ ಕಿರಣವನ್ನಾಗಲಿ ಇದರಲ್ಲಿ ನೋಡಬಾರದು.

ದೀಪದ ಬಗೆಗೆ ತಕ್ಕಂತೆ ವೃತ್ತವೂ ಬದಲಾಗುತ್ತದೆ. ಸೋಡಿಯಂ ದೀಪಗಳೂ ಹಳೆಯ ಚೋಕಿನ ಟ್ಯೂಬ್‌ಲೈಟುಗಳೂ ಸ್ಪಷ್ಟವಾದ ತುಂಡುಗಳನ್ನು ತೋರಿಸಿದರೆ, ತಂತಿ ಕಾಯ್ದು ಬೆಳಗುವ ಬಲ್ಬಿನಲ್ಲಿ, ತಂತಿಯು ಅಷ್ಟು ಬೇಗ ತಣಿಯದ ಕಾರಣ, ಮಸುಕಾದ ಏರಿಳಿತವಷ್ಟೇ ಕಾಣುತ್ತದೆ. ಎಲ್‌ಇಡಿಯಲ್ಲಿ ಎಲ್ಲವೂ ಅದರ ಡ್ರೈವರನ್ನು, ಅಂದರೆ ವಿದ್ಯುತ್ತನ್ನು ನಿಯಂತ್ರಿಸಿ ಕೊಡುವ ಮಂಡಲವನ್ನು, ಅವಲಂಬಿಸಿದ್ದು, ಅದು ಉತ್ತಮವಾಗಿದ್ದರೆ ವೃತ್ತ ತುಂಡಾಗುವುದಿಲ್ಲ. ಈ ವ್ಯತ್ಯಾಸ ಕುತೂಹಲಕ್ಕಷ್ಟೇ ಸೀಮಿತವಲ್ಲ. ಮಿಡಿಯುವ ಬೆಳಕಿನಲ್ಲಿ ವೇಗವಾಗಿ ತಿರುಗುವ ಲೇತ್ ಯಂತ್ರ ನಿಂತಂತೆ ಕಂಡು ಕೆಲಸಗಾರನಿಗೆ ಅಪಾಯ ತರಬಲ್ಲದು.

ವಿದ್ಯುತ್ ಪೂರೈಕೆ ಮೂರು ಫೇಸ್‌ಗಳಲ್ಲಿ, ಅಂದರೆ ಏರಿಳಿತದ ಕ್ಷಣಗಳು ಒಂದಕ್ಕಿಂತ ಒಂದು ಹಿಂದುಮುಂದಾಗಿರುವ ಮೂರು ಹರಿವುಗಳಲ್ಲಿ, ಹಂಚಿಹೋಗುವುದರಿಂದ, ಬೇರೆ ಬೇರೆ ಫೇಸಿಗೆ ಸೇರಿದ ಎರಡು ಬೀದಿದೀಪಗಳ ತುಂಡುಗಳು ಒಂದರಿಂದೊಂದು ಸರಿದು ನಿಲ್ಲುತ್ತವೆ. ಆದರೂ ದರ ಮಾತ್ರ ಒಂದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಪ್ರಸರಣ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಂದಿಗೆ ಬೆಸೆದುಕೊಂಡ ಮೇಲೆ, ಬೆಂಗಳೂರಿನ ದೀಪವೂ ದೆಹಲಿಯ ದೀಪವೂ ಒಂದೇ ಆವೃತ್ತಿಗೆ ಒಳಪಟ್ಟಿವೆ. ಪಠ್ಯಪುಸ್ತಕದಲ್ಲಿ 50 ಹರ್ಟ್ಸ್ ಎಂಬ ಅಂಕಿಯಾಗಿ ಮಾತ್ರ ಉಳಿಯುವ ಈ ಸಂಗತಿಯನ್ನು ವಿದ್ಯಾರ್ಥಿಗಳು ತಾವೇ ಎಣಿಸಿ ಅರಿಯುವಂತೆ ಮಾಡುವುದರಿಂದ, ಇಂಥ ಕನ್ನಡಿಯೊಂದು ಪ್ರತಿ ಪ್ರೌಢಶಾಲೆಯಲ್ಲಿಯೂ ಇರಬೇಕಾದದ್ದು.